ಸೆಕೆಂಡಿಗೆ ಮೂರೋ ನಾಲ್ಕೋ ಫ್ರೇಮ್: ಹಳೇ ಫ್ಲೈಟ್ ಸಿಮ್ಯುಲೇಟರ್ ಪರವಾಗಿ ಒಂದು ವಾದ

1/9

ನಿನ್ನೆ ಸ್ಟೋರಿಲಿ ಈ ಫೋಟೋ ಹಾಕಿ "ಇದೇನು ಹೇಳಿ ನೋಡೋಣ" ಅಂದಿದ್ದೆ. ಬಂದ ಉತ್ತರಗಳು: ಗ್ರಾಫ್ ಶೀಟು, ಕಿಟಕಿ ಸರಳು, ಕೆಟ್ಟುಹೋದ ಮಾನಿಟರ್, ಚೌಕಾಬಾರ. ಚೌಕಾಬಾರ ಅಂದವರಿಗೆ ಅರ್ಧ ಮಾರ್ಕು, ಯಾಕಂದ್ರೆ ಚೌಕ ಇರೋದು ನಿಜ. ಆದ್ರೆ ಇದು ನೆಲ. ವಿಮಾನದ ಮುಂದಿನ ಗಾಜಿನಿಂದ ಕೆಳಗೆ ನೋಡಿದ್ರೆ ಕಾಣೋ ನೆಲ. ಗೇಮಿನ ಹೆಸರು ಫ್ಲೈಟ್ ಸಿಮ್ಯುಲೇಟರ್. ಸಬ್‌ಲಾಜಿಕ್ ಅನ್ನೋ ಚಿಕ್ಕ ಅಮೆರಿಕನ್ ಕಂಪನಿ 1979-80ರ ಹೊತ್ತಿಗೆ ಆಪಲ್ 2 ಕಂಪ್ಯೂಟರಿಗೆ ಅಂತ ಮಾಡಿದ್ದು. ನಿಮ್ಮಲ್ಲಿ ಕೆಲವರು ಆಡೋ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಇದೆಯಲ್ಲ, ಅದರ ಅಜ್ಜ ಇದು.

ಇದನ್ನ ಈಗ ಬರೆಯೋಕೆ ಒಂದು ಕಾರಣ ಇದೆ. ನಮ್ಮ ಬ್ಯಾಚಿನವರಿಗೆಲ್ಲ ಗೊತ್ತು, ಶುಕ್ರವಾರ ಮಿನಿ ಪ್ರಾಜೆಕ್ಟ್ ಸಿನಾಪ್ಸಿಸ್ ಕೊಡಬೇಕು. ನಮ್ಮ ಟೀಮಲ್ಲಿ ಒಂದು ವಾರದಿಂದ ಒಂದೇ ಮಾತು: "ಸಿಮ್ಯುಲೇಶನ್ ಬೇಡ ಮಗಾ, ನಮ್ಮ ಲ್ಯಾಪ್‌ಟಾಪಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಆಗಲ್ಲ." ಲೈಬ್ರರಿ ಆ್ಯಪ್ ಮಾಡಿ ಮುಗಿಸೋಣ ಅಂತ ಮೂವರು, ಬೇಡ ಅಂತ ನಾನೊಬ್ಬ. ವಾಟ್ಸಾಪ್ ಗ್ರೂಪಲ್ಲಿ ಬರೆದ್ರೆ ಯಾರೂ ಓದಲ್ಲ, ಸ್ಟಿಕರ್ ಹಾಕ್ತಾರೆ. ಅದಕ್ಕೇ ಇಲ್ಲಿ, ಎಲ್ಲರ ಮುಂದೆ.

ನನ್ನ ವಾದ ಇಷ್ಟು. ಸಿಮ್ಯುಲೇಶನ್ ಅಂದ್ರೆ ಚಿತ್ರ ಅಂತ ನಾವು ಅಂದ್ಕೊಂಡಿದ್ದೀವಿ. ಅದು ಲೆಕ್ಕ. ಚಿತ್ರ ಆಮೇಲೆ ಬರೋದು.

2/9

ಫೋಟೋ: ಆಪಲ್ 2.

ಬ್ರೂಸ್ ಆರ್ಟ್‌ವಿಕ್ ಅಂತ ಒಬ್ಬರು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದ್ತಿದ್ದವರು, ಜೊತೆಗೆ ವಿಮಾನ ಓಡಿಸೋಕೂ ಗೊತ್ತಿದ್ದವರು. 1975ರಲ್ಲಿ ಇವರ ಸ್ನಾತಕೋತ್ತರ ಪ್ರಬಂಧದ ವಿಷಯವೇ, ಹಾರ್ತಿರೋ ವಿಮಾನದಿಂದ ಕಾಣೋ ನೋಟನ ಕಂಪ್ಯೂಟರಲ್ಲಿ ಆಗಿಂದಾಗ್ಲೇ ಬರೆದು ತೋರಿಸೋದು ಹೇಗೆ ಅನ್ನೋದು. ಗಮನಿಸಿ, 1975. ಮನೆಲಿ ಕಂಪ್ಯೂಟರ್ ಅನ್ನೋ ಮಾತೇ ಜನಕ್ಕೆ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಅದಾದ ಮೇಲೆ ಮೂರು ಆಯಾಮದ ಗ್ರಾಫಿಕ್ಸ್ ಬಗ್ಗೆ ಪತ್ರಿಕೆಗೆ ಲೇಖನ ಬರೆದ್ರು. ಓದುಗರು ಆ ಪ್ರೋಗ್ರಾಮನ್ನೇ ದುಡ್ಡು ಕೊಟ್ಟು ಕೊಳ್ತೀವಿ ಅಂದ್ರು. 1977ರಲ್ಲಿ ಕಂಪನಿ ಶುರುವಾಯ್ತು, ಜೊತೆಗೆ ಸ್ಟು ಮೊಮೆಂಟ್ ಅನ್ನೋ ಪಾಲುದಾರ.

ಅವರಿಗೆ ಸಿಕ್ಕ ಮೆಷೀನ್ ನೋಡಿ. ಗೇಮ್ ಓಡೋಕೆ 16 ಕಿಲೋಬೈಟ್ ಮೆಮೊರಿ. ಮೆಗಾಬೈಟ್ ಅಲ್ಲ, ಕಿಲೋಬೈಟ್. ಈ ಪೋಸ್ಟಿಗೆ ಹಾಕಿರೋ ಒಂದೇ ಫೋಟೋ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಪರದೆ 280 ಅಡ್ಡ, 192 ಉದ್ದ, ಅಷ್ಟೇ ಚುಕ್ಕಿಗಳು. ಪ್ರೊಸೆಸರ್ 6502, ವೇಗ ಸುಮಾರು 1 ಮೆಗಾಹರ್ಟ್ಸ್. ಗೇಮ್ ಬರ್ತಿದ್ದದ್ದು ಕ್ಯಾಸೆಟ್ಟಲ್ಲಿ. ಹೌದು, ಹಾಡು ಕೇಳೋ ಕ್ಯಾಸೆಟ್ಟೇ. ಟೇಪ್ ರೆಕಾರ್ಡರನ್ನ ಕಂಪ್ಯೂಟರಿಗೆ ಸಿಕ್ಕಿಸಿ, ಕೀಂಯ್ ಅನ್ನೋ ಸದ್ದು ಮುಗಿಯೋವರೆಗೂ ಕಾಯ್ತಾ ಕೂರಬೇಕಿತ್ತು.

ಇಂಥ ಮೆಷೀನಲ್ಲಿ ಒಂದು ವಿಮಾನ, ಒಂದು ಲೋಕ. ಲೋಕ ಅಂದ್ರೆ 6×6 ಚೌಕಗಳ ಮಟ್ಟಸ ನೆಲ, ಒಂದು ಕಡೆ ಗೆರೆಯಲ್ಲೇ ಎಳೆದ ಬೆಟ್ಟ. ಮನೆ ಇಲ್ಲ, ಮರ ಇಲ್ಲ, ಬಣ್ಣ ಅಂತೂ ಕೇಳಲೇಬೇಡಿ. ಸೆಕೆಂಡಿಗೆ ಮೂರೋ ನಾಲ್ಕೋ ಸಲ ಚಿತ್ರ ಬದಲಾಗ್ತಿತ್ತು. ನಿಮ್ಮ ಮೊಬೈಲ್ ಸ್ಕ್ರೀನು 60 ಸಲವೋ 120 ಸಲವೋ ಬದಲಾಗುತ್ತೆ.

3/9

ಈ ಪೋಸ್ಟು ಲೆಕ್ಕ ಇಷ್ಟಪಡೋರಿಗೆ. ಬೇಡ ಅನ್ನೋರು 4ಕ್ಕೆ ಹೋಗಿ. ಆದ್ರೆ ನಮ್ಮ ಟೀಮಿನ ಮೂವರು ಮಾತ್ರ ಕಡ್ಡಾಯವಾಗಿ ಓದ್ಬೇಕು.

6×6 ಚೌಕ ಅಂದ್ರೆ 7×7 ಮೂಲೆಗಳು, ಅಂದ್ರೆ 49 ಬಿಂದು. ವಿಮಾನ ಸ್ವಲ್ಪ ವಾಲಿದ್ರೂ ಪ್ರತಿ ಬಿಂದುವನ್ನ ಪೈಲಟ್ ಕಣ್ಣಿಗೆ ತಕ್ಕಂತೆ ತಿರುಗಿಸ್ಬೇಕು. ಮೂರನೇ ಸೆಮಿಸ್ಟರಲ್ಲಿ ಮ್ಯಾಟ್ರಿಕ್ಸ್ ಮಾಡಿದ್ವಲ್ಲ, "ಇದೆಲ್ಲ ಎಲ್ಲಿ ಉಪಯೋಗ ಸಾರ್" ಅಂತ ಹಿಂದಿನ ಬೆಂಚಿಂದ ಕೇಳಿದ್ವಲ್ಲ, ಇಲ್ಲೇ. ಒಂದು ಬಿಂದು ತಿರುಗಿಸೋಕೆ 3×3 ಮ್ಯಾಟ್ರಿಕ್ಸ್, 9 ಗುಣಾಕಾರ. 49 ಬಿಂದುವಿಗೆ 441. ಆಮೇಲೆ ದೂರದ್ದು ಚಿಕ್ಕದಾಗಿ ಕಾಣಬೇಕಲ್ಲ, ಅದಕ್ಕೆ ಭಾಗಾಕಾರ. ಆಮೇಲೆ ಬಿಂದುಗಳ ಮಧ್ಯೆ ಗೆರೆ, ಒಂದೊಂದೇ ಚುಕ್ಕಿಯಾಗಿ.

ಈಗ ಮಜಾ ಕೇಳಿ. 6502 ಪ್ರೊಸೆಸರಿಗೆ ಗುಣಾಕಾರವೇ ಬರಲ್ಲ! ಅದಕ್ಕೆ ಅಂತ ಒಂದು ಸೂಚನೆಯೇ ಅದರಲ್ಲಿಲ್ಲ. ಕೂಡೋದು, ಕಳೆಯೋದು, ಬಿಟ್‌ಗಳನ್ನ ಆ ಕಡೆ ಈ ಕಡೆ ಸರಿಸೋದು, ಅಷ್ಟೇ. ಗುಣಿಸ್ಬೇಕು ಅಂದ್ರೆ ಸರಿಸಿ-ಕೂಡಿ-ಸರಿಸಿ-ಕೂಡಿ ಮಾಡ್ಬೇಕು. ಚಿಕ್ಕ ಸಂಖ್ಯೆಗಳನ್ನ ಗುಣಿಸೋಕೇ ನೂರಕ್ಕೂ ಹೆಚ್ಚು ಕ್ಲಾಕ್ ಸೈಕಲ್ ಹೋಗುತ್ತೆ, ದೊಡ್ಡದಕ್ಕೆ ಇನ್ನೂ ಜಾಸ್ತಿ. ಸೆಕೆಂಡಿಗೆ ಸಿಗೋದು ಸುಮಾರು 10 ಲಕ್ಷ ಸೈಕಲ್. ಅದರಲ್ಲೇ ವಿಮಾನದ ಚಲನೆ, ಮೀಟರ್‌ಗಳು, ಕೀಬೋರ್ಡು, ಎಲ್ಲ ನಡೀಬೇಕು.

ಚೌಕದ ನೆಲದ ಗುಟ್ಟು ಇಲ್ಲೇ ಇರೋದು. ಬಿಂದುಗಳು ಸಮ ದೂರದಲ್ಲಿ ಸಾಲಾಗಿದ್ರೆ 49ನ್ನೂ ತಿರುಗಿಸೋ ಅವಶ್ಯಕತೆ ಇಲ್ಲ. ಒಂದು ಮೂಲೆ ತಿರುಗಿಸಿ (9 ಗುಣಾಕಾರ), ಅಡ್ಡ ಹೆಜ್ಜೆಯೊಂದನ್ನ ತಿರುಗಿಸಿ (ಇನ್ನೊಂದು 9), ಉದ್ದ ಹೆಜ್ಜೆಯೊಂದನ್ನ ತಿರುಗಿಸಿ (ಮತ್ತೊಂದು 9). ಉಳಿದ 48 ಮೂಲೆಗಳಿಗೆ ಬರೀ ಕೂಡಿಸ್ತಾ ಹೋದ್ರೆ ಸಾಕು. 441 ಇದ್ದದ್ದು 27ಕ್ಕೆ ಇಳೀತು. ಪೇಪರ್ ಮೇಲೆ ಬರೆದು ನೋಡಿ, ಹತ್ತು ನಿಮಿಷದ ಕೆಲಸ.

ಹಾಗಾಗಿ "ಬರೀ ಚೌಕ ಹಾಕಿದ್ದಾರೆ" ಅಂತ ನಗಬೇಡಿ. ಚೌಕವೇ ಆ ಮೆಷೀನಿಗೆ ಸರಿಹೊಂದೋ ನೆಲ.

4/9

ಫೋಟೋ: ಫ್ಲೈಟ್ ಸಿಮ್ಯುಲೇಟರ್ 2, ಕಮೋಡೋರ್ 64 ಆವೃತ್ತಿ. ಎಮ್ಯುಲೇಟರಲ್ಲಿ ಓಡಿಸಿ ತೆಗೆದದ್ದು.

1982ರ ನವೆಂಬರಲ್ಲಿ ಆರ್ಟ್‌ವಿಕ್ ಅವರ ಗೇಮ್ ಐಬಿಎಂ ಪಿಸಿಗೆ ಮೈಕ್ರೋಸಾಫ್ಟ್ ಹೆಸರಲ್ಲಿ ಬಂತು. 1983ರಲ್ಲಿ ಆಪಲ್ 2ಕ್ಕೆ ಎರಡನೇ ಭಾಗ, ಮುಂದಿನ ವರ್ಷ ಕಮೋಡೋರ್‌ಗೆ, ಅಟಾರಿಗೆ. ಮೊದಲನೆಯದರ ಬರಿ ಚೌಕ ಹೋಗಿ ಈಗ ಷಿಕಾಗೋ, ಸಿಯಾಟಲ್, ಲಾಸ್ ಏಂಜಲೀಸ್, ನ್ಯೂಯಾರ್ಕ್-ಬಾಸ್ಟನ್ ಕಡೆಯ ನಾಲ್ಕು ಪ್ರದೇಶಗಳು, 80ಕ್ಕೂ ಹೆಚ್ಚು ವಿಮಾನ ನಿಲ್ದಾಣಗಳು. ವಿಮಾನ ಪೈಪರ್ ಆರ್ಚರ್, ಒಂದೇ ಎಂಜಿನ್ನಿನದು. ಮೈಕ್ರೋಸಾಫ್ಟಿನದರಲ್ಲಿ ಸೆಸ್ನಾ 182. ಬಳ್ಳಾರಿ ರೋಡಲ್ಲಿ ಜಕ್ಕೂರು ದಾಟೋವಾಗ ಮೇಲೆ ಪುಟ್ಟ ವಿಮಾನ ಸುತ್ತೋದು ಕಾಣುತ್ತಲ್ಲ, ಆ ಜಾತಿಯವು.

ಪರದೆ ನೋಡಿ. ಕೆಳಗಿನ ಅರ್ಧ ಪೂರಾ ಮೀಟರ್‌ಗಳು. ಹೊರಗಿನ ನೋಟಕ್ಕೆ ಸಿಕ್ಕಿದ್ದು ಮೇಲಿನ ಅರ್ಧ ಮಾತ್ರ. ಯಾವ ಗೇಮ್ ಮಾಡೋನು ಇವತ್ತು ಅರ್ಧ ಪರದೆನ ಮೀಟರಿಗೆ ಬಿಟ್ಟುಕೊಡ್ತಾನೆ ಹೇಳಿ?

ಹಾರಿಸಿ ನೋಡಿ. ಎಂಜಿನ್ ಪೂರ್ತಿ ಕೊಡಿ. ವೇಗ 60 ನಾಟ್ ದಾಟೋವರೆಗೂ ಸುಮ್ನೆ ಇರಿ. ಆಮೇಲೆ ಮೂತಿನ ಸ್ವಲ್ಪ ಎತ್ತಿ. ನೆಲ ಬಿಟ್ಟಿತು. ಇಲ್ಲೇ ಎಲ್ಲರಿಗೂ ಒಂದು ಆಸೆ ಬರುತ್ತೆ, ಬೇಗ ಮೇಲೆ ಹೋಗೋಣ ಅಂತ ಮೂತಿನ ಇನ್ನೂ ಎತ್ತೋದು. ಎತ್ತಿದ್ರೆ ಎತ್ತರದ ಮುಳ್ಳು ಒಂದು ಕ್ಷಣ ಮೇಲೆ ಹೋಗುತ್ತೆ, ವೇಗದ ಮುಳ್ಳು ಕೆಳಗೆ ಬರುತ್ತೆ, ಆಮೇಲೆ ಎರಡೂ ಕೆಳಗೆ. ಸ್ಟಾಲ್. ರೆಕ್ಕೆ ಗಾಳಿಯನ್ನ ಹಿಡಿಯೋದು ಬಿಟ್ಟುಬಿಡ್ತು.

ಯಾಕೆ? ರೆಕ್ಕೆ ಎತ್ತೋ ಬಲ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತೆ. ವೇಗ ಅರ್ಧ ಆದ್ರೆ ಬಲ ಕಾಲು ಭಾಗ. ಗಾಳಿಗೆ ರೆಕ್ಕೆ ಕೊಡೋ ಕೋನ ಜಾಸ್ತಿ ಮಾಡಿ ಸ್ವಲ್ಪ ಹೊತ್ತು ಸರಿದೂಗಿಸಬಹುದು, ಆದ್ರೆ ಸುಮಾರು 15 ಡಿಗ್ರಿ ದಾಟಿದ್ರೆ ಗಾಳಿ ರೆಕ್ಕೆ ಮೇಲಿಂದ ಬಿಟ್ಟುಕೊಳ್ಳುತ್ತೆ. ಇಳಿಸೋವಾಗ ಇನ್ನೊಂದು ವಿಚಿತ್ರ ಗೊತ್ತಾಗುತ್ತೆ: ಮೂತಿಯಿಂದ ವೇಗ ನೋಡ್ಕೋಬೇಕು, ಎಂಜಿನ್‌ನಿಂದ ಎತ್ತರ ನೋಡ್ಕೋಬೇಕು. ಕೇಳೋಕೆ ಉಲ್ಟಾ. ಬೈಕ್ ಓಡಿಸೋ ನಮ್ಮ ಕೈಗೆ ಇದು ಒಗ್ಗೋದೇ ಇಲ್ಲ, ಕಲೀಬೇಕು.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಇದರಲ್ಲಿ "ರಿಯಾಲಿಟಿ" ಅಂತ ಒಂದು ಮೋಡ್ ಇದೆ. ಆನ್ ಮಾಡಿದ್ರೆ ಚಿತ್ರ ಚೆನ್ನಾಗಿ ಆಗಲ್ಲ. ಏನಾಗುತ್ತೆ ಗೊತ್ತಾ? ದಿಕ್ಕು ತೋರಿಸೋ ಗೈರೋ ನಿಧಾನಕ್ಕೆ ತಪ್ಪು ತೋರಿಸೋಕೆ ಶುರುಮಾಡುತ್ತೆ. ನಿಜವಾದ ಚಿಕ್ಕ ವಿಮಾನಗಳಲ್ಲಿ ಹಾಗೇ ಆಗೋದು, ಪೈಲಟ್ ಆಗಾಗ ದಿಕ್ಸೂಚಿ ನೋಡಿ ಸರಿ ಮಾಡ್ಕೋಬೇಕು. ಒಂದೊಂದು ಬೈಟಿಗೂ ಜಗಳ ಆಡೋ ಜಾಗದಲ್ಲಿ, ಆ ಮನುಷ್ಯ ಒಂದು ಮರ ಬರೆಯೋ ಬದಲು ಒಂದು ಮೀಟರಿನ ದೋಷಕ್ಕೆ ಜಾಗ ಕೊಟ್ಟ. ಅವನ ಪ್ರಕಾರ ನಿಜ ಅಂದ್ರೆ ಅದು.

5/9

"ಸರಿ ಗುರು, ಆದ್ರೂ ಹೊರಗೆ ಏನೂ ಕಾಣದೆ ಹಾರಾಟ ಹೇಗೆ ಕಲಿಯೋದು?" ಅಂತ ಒಬ್ಬಳು ಡಿಎಂ ಮಾಡಿದ್ಲು. ಒಳ್ಳೇ ಪ್ರಶ್ನೆ. ಇದಕ್ಕೆ ಐವತ್ತು ವರ್ಷ ಹಿಂದಕ್ಕೆ ಹೋಗ್ಬೇಕು.

1929, ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರು. ಎಡ್ವಿನ್ ಲಿಂಕ್ ಅನ್ನೋ ಯುವಕ. ಅಪ್ಪನದು ಆರ್ಗನ್ ವಾದ್ಯ ಮಾಡೋ ಕಾರ್ಖಾನೆ. ಇವನಿಗೆ ವಿಮಾನದ ಹುಚ್ಚು, ಕಲಿಯೋಕೆ ಹೋದ್ರೆ ಖರ್ಚು ಜಾಸ್ತಿ. ಕಾರ್ಖಾನೆಲಿ ಗಾಳಿ ತುಂಬೋ ತಿದಿಗಳು ಬೇಕಾದಷ್ಟು ಇದ್ವು (ನಮ್ಮ ಹಾರ್ಮೋನಿಯಂ ಹಿಂದೆ ಇರುತ್ತಲ್ಲ, ಆ ಥರದ್ದು). ಅವುಗಳ ಮೇಲೆ ಒಂದು ಪುಟ್ಟ ವಿಮಾನದ ಆಕಾರದ ಪೆಟ್ಟಿಗೆ ಕೂರಿಸ್ದ. ಕಡ್ಡಿ ಎಳೆದ್ರೆ ತಿದಿ ಉಬ್ಬುತ್ತೆ, ಪೆಟ್ಟಿಗೆ ವಾಲುತ್ತೆ. ಇದನ್ನ ಮೊದಲು ಕೊಂಡವರು ಯಾರು ಗೊತ್ತಾ? ಅಮ್ಯೂಸ್‌ಮೆಂಟ್ ಪಾರ್ಕಿನವರು. ಜಾತ್ರೆಲಿ ತೊಟ್ಟಿಲು ತಿರುಗ್ಸೋ ಹಾಗೆ, ಕಾಸು ಹಾಕಿ ಕೂತ್ಕೊಳ್ಳೋ ಆಟ. ಸೈನ್ಯದವರು ತಿರುಗಿಯೂ ನೋಡಲಿಲ್ಲ.

1934ರಲ್ಲಿ ಅಮೆರಿಕದ ಸೈನ್ಯಕ್ಕೆ ವಿಮಾನದಲ್ಲಿ ಅಂಚೆ ಸಾಗ್ಸೋ ಕೆಲಸ ಬಂತು. ಚಳಿಗಾಲ, ಮಂಜು, ರಾತ್ರಿ. ಪೈಲಟ್‌ಗಳಿಗೆ ಮೀಟರ್ ನೋಡ್ಕೊಂಡು ಹಾರೋ ಅಭ್ಯಾಸ ಇರಲಿಲ್ಲ. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತುಹೋದ್ರು. ಆಗ ಜಾತ್ರೆಯ ಆಟಿಕೆ ನೆನಪಾಯ್ತು. ತಲಾ 3,500 ಡಾಲರಿನಂತೆ ಆರು ಪೆಟ್ಟಿಗೆ ತಗೊಂಡ್ರು. ಎರಡನೇ ಮಹಾಯುದ್ಧದ ಹೊತ್ತಿಗೆ ಲಕ್ಷಾಂತರ ಪೈಲಟ್‌ಗಳು ಆ ನೀಲಿ ಪೆಟ್ಟಿಗೆಲಿ ಕೂತು ಕಲ್ತಿದ್ರು.

ಮುಖ್ಯ ವಿಷಯ ಈಗ ಹೇಳ್ತೀನಿ. ಆ ಪೆಟ್ಟಿಗೆಗೆ ಮೇಲೆ ಮುಚ್ಚಳ ಇತ್ತು. ಮುಚ್ಚಿದ್ರೆ ಒಳಗೆ ಕತ್ತಲು, ಎದುರಿಗೆ ಮೀಟರ್‌ಗಳು ಮಾತ್ರ. ಗ್ರಾಫಿಕ್ಸ್ ಸೊನ್ನೆ! ಹೊರಗೆ ಮೇಜಿನ ಮುಂದೆ ಕೂತ ಗುರುಗಳ ನಕ್ಷೆ ಮೇಲೆ ಒಂದು ಪುಟ್ಟ ಯಂತ್ರ ಶಿಷ್ಯ ಹೋದ ದಾರಿಯನ್ನ ಗೆರೆ ಎಳೀತಾ ಹೋಗ್ತಿತ್ತು. ಮೋಡದೊಳಗೆ ಹೋದ್ರೆ ನಮ್ಮ ಒಳಕಿವಿ ಸುಳ್ಳು ಹೇಳುತ್ತೆ. ನೆಟ್ಟಗೆ ಹೋಗ್ತಿದ್ದೀವಿ ಅನ್ನಿಸುತ್ತೆ, ವಿಮಾನ ವಾಲಿಕೊಂಡು ಸುತ್ತು ಹಾಕ್ತಿರುತ್ತೆ. ಅದನ್ನ ನಂಬದೆ ಮುಳ್ಳನ್ನ ನಂಬು ಅಂತ ಕಲಿಸೋದೇ ಆ ಪೆಟ್ಟಿಗೆ ಕೆಲಸ.

ಈಗ ನಾಲ್ಕನೇ ಪೋಸ್ಟಿನ ಪರದೆ ಮತ್ತೆ ನೋಡಿ. ಹೊರಗಿನ ನೋಟ ಸೆಕೆಂಡಿಗೆ ನಾಲ್ಕೈದು ಸಲ ಕುಂಟ್ತಾ ಬದಲಾಗೋ ಗೆರೆಗಳು. ಅದನ್ನ ನೋಡ್ಕೊಂಡು ಇಳಿಸೋಕೆ ಆಗಲ್ಲ. ಕಣ್ಣು ತಾನಾಗೇ ಮೀಟರಿಗೆ ಬರುತ್ತೆ. ಆ ಬಡ ಚಿತ್ರದಿಂದಾಗಿ ಈ ಗೇಮು ಲಿಂಕ್ ಪೆಟ್ಟಿಗೆಗೆ ಇನ್ನೂ ಹತ್ತಿರ ಆಯ್ತು ಅಂತ ನನ್ನ ಲೆಕ್ಕ.

6/9

ಚಿಕ್ಕ ಪೋಸ್ಟು ಇದು.

"ಇದರಲ್ಲಿ ಗೆಲ್ಲೋದು ಹೇಗೆ?" ಗೆಲ್ಲೋದಿಲ್ಲ ಮಗಾ. ಪಾಯಿಂಟ್ ಇಲ್ಲ, ಲೆವೆಲ್ ಇಲ್ಲ, ಕೊನೆಗೆ ಬರೋ ದೊಡ್ಡ ವಿಲನ್ ಇಲ್ಲ. ಎಲ್ಲಿಗೆ ಬೇಕಾದ್ರೂ ಹೋಗು, ಸಾಧ್ಯವಾದ್ರೆ ಇಳಿ.

ಆರ್ಟ್‌ವಿಕ್ ಅವರಿಗೂ ಸ್ವಲ್ಪ ಅನುಮಾನ ಇತ್ತೋ ಏನೋ, ಮೊದಲ ಆವೃತ್ತಿಲಿ ಒಂದನೇ ಮಹಾಯುದ್ಧದ ಒಂದು ಪುಟ್ಟ ಕಾಳಗನೂ ಸೇರ್ಸಿದ್ರು. ಬಾಂಬು, ಗುಂಡು, ಶತ್ರು ವಿಮಾನ ಎಲ್ಲ ಇತ್ತು. ಎರಡನೇ ಭಾಗದಲ್ಲೂ ಬಂತು. ಇವತ್ತು ಆ ಯುದ್ಧ ಯಾರಿಗೆ ನೆನಪಿದೆ? ಉಳಿದದ್ದು ಸೆಸ್ನಾ. ಯಾರನ್ನೂ ಕೊಲ್ಲದೆ, ಊರಿಂದ ಊರಿಗೆ ಹೋಗಿ ಇಳಿಯೋ ಆ ಬೋರಿಂಗ್ ವಿಮಾನ ನಲವತ್ತು ವರ್ಷ ದಾಟಿ ಇನ್ನೂ ಹಾರ್ತಾ ಇದೆ.

7/9

ಫೋಟೋ: ಷಿಕಾಗೋ, ಮೀಗ್ಸ್ ಫೀಲ್ಡ್. ಗೇಮಿನೊಳಗಿಂದ.

ಈ ಜಾಗದ ಕಥೆ ಹೇಳದೆ ಮುಂದಕ್ಕೆ ಹೋಗೋಕೆ ಮನಸ್ಸು ಬರ್ತಿಲ್ಲ.

ಮೈಕ್ರೋಸಾಫ್ಟಿನ ಗೇಮ್ ಆನ್ ಮಾಡಿದ್ರೆ ವಿಮಾನ ನಿಂತಿರ್ತಿದ್ದದ್ದು ಇಲ್ಲಿ. ಮಿಷಿಗನ್ ಸರೋವರದ ದಡದಲ್ಲಿ ಒಂದೇ ಒಂದು ರನ್‌ವೇ, ಉತ್ತರಕ್ಕೆ ಮುಖ. ಬಲಕ್ಕೆ ನೀರು, ಎಡಕ್ಕೆ ಷಿಕಾಗೋ ಕಟ್ಟಡಗಳು. ನಿಜವಾದ ವಿಮಾನ ನಿಲ್ದಾಣ ಇದು, 1948ರಿಂದ ಇತ್ತು. ಜಗತ್ತಿನಾದ್ಯಂತ ಎಷ್ಟೋ ಮಕ್ಕಳು ಮೊದಲ ಸಲ "ಹಾರಿದ್ದು" ಈ ರನ್‌ವೇಯಿಂದ. ಅಮೆರಿಕ ಎಲ್ಲಿದೆ ಅಂತ ಮ್ಯಾಪಲ್ಲಿ ತೋರ್ಸೋಕೆ ಬರದವರಿಗೂ ಮೀಗ್ಸ್ ಯಾವ ಕಡೆ ತಿರುಗಿದೆ ಅಂತ ಗೊತ್ತಿತ್ತು.

2003ರ ಮಾರ್ಚ್ 30ರ ರಾತ್ರಿ, ಮೇಯರ್ ರಿಚರ್ಡ್ ಎಂ. ಡೇಲಿ ಆದೇಶದ ಮೇಲೆ ಬುಲ್ಡೋಜರ್‌ಗಳು ಬಂದವು. ಬೆಳಗಾಗೋ ಹೊತ್ತಿಗೆ ರನ್‌ವೇ ಮೇಲೆ ದೊಡ್ಡ ದೊಡ್ಡ ಇಂಟು ಗುರುತಿನ ಹಳ್ಳಗಳು. ಅಲ್ಲೇ ನಿಂತಿದ್ದ 16 ವಿಮಾನಗಳು ಸಿಕ್ಕಿಹಾಕ್ಕೊಂಡ್ವು. ಮುಂಚಿತವಾಗಿ ತಿಳಿಸದೆ ಮುಚ್ಚಿದ್ದಕ್ಕೆ ವಿಮಾನಯಾನ ಇಲಾಖೆ ನಗರಕ್ಕೆ 33,000 ಡಾಲರ್ ದಂಡ ಹಾಕ್ತು. ಭದ್ರತೆಗಾಗಿ ಅಂದ್ರು ಮೇಯರ್. ಅಲ್ಲಿ ಪಾರ್ಕ್ ಮಾಡ್ಬೇಕು ಅನ್ನೋದು ಅವರ ಹಳೇ ಆಸೆ ಅಂತ ಊರಿಗೆಲ್ಲ ಗೊತ್ತಿತ್ತು. ಈಗ ಅಲ್ಲಿ ಇರೋದು ಪಾರ್ಕೇ.

ಪಾರ್ಕ್ ಒಳ್ಳೇದೋ ಕೆಟ್ಟದ್ದೋ, ಅದು ಷಿಕಾಗೋ ಜನ ಹೇಳ್ಬೇಕು. ರಾತ್ರೋರಾತ್ರಿ ಅಗೆದದ್ದು ಮಾತ್ರ ನನಗೆ ಹಿಡಿಸಲಿಲ್ಲ. ಆದ್ರೆ ನೋಡಿ, ಇವತ್ತೂ ಮೀಗ್ಸ್‌ನಿಂದ ಮೇಲೇರಬೇಕು ಅಂದ್ರೆ ಒಂದೇ ದಾರಿ: ಸಿಮ್ಯುಲೇಟರ್. ಕಾಂಕ್ರೀಟು ಹೋಯ್ತು. ನಾಲ್ಕಾರು ಗೆರೆ ಎಳೆದು ಮಾಡಿದ ನಕಲು ಉಳೀತು. ಈ ಗೇಮ್‌ಗಳನ್ನ ಎಮ್ಯುಲೇಟರಲ್ಲಿ ಜೀವಂತ ಇಡೋರನ್ನ "ಕೆಲಸ ಇಲ್ಲದವರು" ಅನ್ನೋ ಗೆಳೆಯರಿಗೆ ನಾನು ಮೊದಲು ಹೇಳೋದು ಇದನ್ನೇ.

8/9

ಈಗ ಎದುರು ವಾದಗಳು. ಕಾಮೆಂಟಲ್ಲಿ ಬಂದಿರೋ ಎಲ್ಲದಕ್ಕೂ ಉತ್ತರ ಕೊಡಲ್ಲ, ಮೂರಕ್ಕೆ ಮಾತ್ರ.

ಒಂದು: "ಹಳೇದೆಲ್ಲ ಚಿನ್ನ ಅನ್ನೋ ಅಂಕಲ್ ಆಗಿದ್ದೀಯ." ಇಲ್ಲಪ್ಪಾ. 2020ರ ಫ್ಲೈಟ್ ಸಿಮ್ಯುಲೇಟರನ್ನ ಚಿಕ್ಕಮ್ಮನ ಮಗನ ಮನೇಲಿ ನೋಡಿದ್ದೀನಿ. ಬಿಂಗ್ ಮ್ಯಾಪಿನ ಎರಡು ಪೆಟಾಬೈಟಿಗೂ ಹೆಚ್ಚು ಡೇಟಾದಿಂದ ಇಡೀ ಭೂಮಿನೇ ಇಳಿಸ್ತಾರೆ. ಮೋಡ ನೋಡಿದ್ರೆ ಮುಟ್ಬೇಕು ಅನ್ಸುತ್ತೆ. ಬೇಡ ಅನ್ನೋಕೆ ನನಗೇನು ತಲೆ ಕೆಟ್ಟಿಲ್ಲ. ಆರ್ಟ್‌ವಿಕ್ ಅವರೂ ಬೇಡ ಅಂತಿರಲಿಲ್ಲ. ಒಳ್ಳೇ ಮೆಷೀನ್ ಬಂದಾಗಲೆಲ್ಲ ಅದರ ಪೂರ್ತಿ ತಾಕತ್ತು ಹಿಂಡಿ ತೆಗೆದವರು ಅವರು. ಎಷ್ಟರಮಟ್ಟಿಗೆ ಅಂದ್ರೆ, ಎಂಬತ್ತರ ದಶಕದಲ್ಲಿ ಹೊಸ ಕಂಪನಿಯ ಕಂಪ್ಯೂಟರ್ ಐಬಿಎಂ ಪಿಸಿಗೆ ನಿಜವಾಗಲೂ ಹೊಂದುತ್ತಾ ಅಂತ ಪರೀಕ್ಷೆ ಮಾಡೋಕೆ ಲೋಟಸ್ 1-2-3 ಜೊತೆ ಇದನ್ನೇ ಓಡಿಸಿ ನೋಡ್ತಿದ್ರು. ಬಡ ಮೆಷೀನಲ್ಲಿ ಪುಣ್ಯ ಏನಿಲ್ಲ. ನಾನು ಹೇಳ್ತಿರೋದು ಅನುಕ್ರಮದ ಬಗ್ಗೆ: ಮೊದಲು ಹಾರಾಟ, ಆಮೇಲೆ ಮೋಡ. 1980ರಲ್ಲಿ ಅದು ತಲೆಕೆಳಗಾಗಿದ್ದಿದ್ರೆ 2020ರದ್ದು ಹುಟ್ತಾನೇ ಇರಲಿಲ್ಲ.

ಎರಡು: "ಆರ್ಟ್‌ವಿಕ್ ಜೀನಿಯಸ್, ನಾವಲ್ಲ." ಇದು ಸ್ವಲ್ಪ ನಿಜ. ಇದನ್ನ ಮೋಟಿವೇಶನ್ ರೀಲ್ ಮಾಡೋಕೆ ನನಗಿಷ್ಟ ಇಲ್ಲ. ಅವರಿಗೆ ಒಳ್ಳೇ ವಿಶ್ವವಿದ್ಯಾಲಯ ಇತ್ತು, ಹಾರೋಕೆ ಬರ್ತಿತ್ತು, ಆ ಕಾಲದಲ್ಲಿ ಬಹಳ ಕಮ್ಮಿ ಜನಕ್ಕೆ ಸಿಗ್ತಿದ್ದ ಕಂಪ್ಯೂಟರ್ ಕೈಗೆ ಸಿಕ್ಕಿತ್ತು. ಮಧ್ಯರಾತ್ರಿ ಬೀದಿದೀಪದ ಕೆಳಗೆ ಓದಿದ ಕಥೆ ಅಲ್ಲ ಇದು. ಆದ್ರೆ ನಮ್ಮ ಹತ್ತಿರ ಇರೋದನ್ನೂ ನೋಡಿ. ಕ್ಲಾಸಲ್ಲಿ ಅತ್ಯಂತ ಡಬ್ಬಾ ಅನ್ನಿಸ್ಕೊಂಡಿರೋ ನನ್ನ ಲ್ಯಾಪ್‌ಟಾಪು ಆಪಲ್ 2ಕ್ಕಿಂತ ಸಾವಿರಾರು ಪಟ್ಟು ವೇಗ. ಗುಣಾಕಾರವೂ ಬರುತ್ತೆ ಅದಕ್ಕೆ!

ಮೂರು: "ಗೇಮ್ ಆಡಿದ್ರೆ ಪೈಲಟ್ ಆಗಲ್ಲ." ಆಗಲ್ಲ, ಒಪ್ದೆ. ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಿರಬೇಕು. ಮನೇಲಿ ಆಡಿದ್ದು ಅದರಲ್ಲಿ ಒಂದು ನಿಮಿಷವೂ ಲೆಕ್ಕಕ್ಕಿಲ್ಲ, ಇರಲೂಬಾರದು. ಕುರ್ಚಿ ಅಲುಗಾಡಲ್ಲ, ಕಿವಿ ಗುಯ್ಯಿಡಲ್ಲ, ಭಯ ಆಗಲ್ಲ. ಪೈಲಟ್ ಆಗ್ಬೇಕು ಅಂತಿರೋ ಪಿಯುಸಿ ತಮ್ಮ-ತಂಗಿಯರು ಇದನ್ನ ಓದ್ತಿದ್ರೆ, ದಯವಿಟ್ಟು ಗೇಮನ್ನೇ ತರಬೇತಿ ಅಂದ್ಕೋಬೇಡಿ. ಆದ್ರೆ ಮುಂದೆ ಯಾವತ್ತೋ ನಿಜವಾದ ಕಾಕ್‌ಪಿಟ್ಟಲ್ಲಿ ಕೂತಾಗ ಆರು ಮುಖ್ಯ ಮೀಟರ್‌ಗಳ ಹೆಸರು, ಅವು ಒಂದಕ್ಕೊಂದು ಹೇಗೆ ಮಾತಾಡ್ತವೆ ಅನ್ನೋದು ಮೊದಲೇ ಗೊತ್ತಿದ್ರೆ ನಷ್ಟ ಏನಿಲ್ಲ.

9/9

ಫೋಟೋ: ನನ್ನ ರಫ್ ಬುಕ್ಕು. ಕೈಬರಹಕ್ಕೆ ನಗಬೇಡಿ.

ನಮ್ಮ ಟೀಮಿಗೆ ನನ್ನ ಪ್ರಸ್ತಾಪ. ಹೆಸರು ಆಮೇಲೆ ಇಡೋಣ.

ಮೊದಲ ಎರಡು ವಾರ ಚಿತ್ರವೇ ಬೇಡ. ನಾಲ್ಕು ಬಲ: ಎತ್ತೋದು, ತೂಕ, ಎಂಜಿನ್ ಎಳೆತ, ಗಾಳಿಯ ತಡೆ. ಒಂದು ಲೂಪ್. ಸೆಕೆಂಡಿಗೆ ಇಪ್ಪತ್ತು ಸಲ ಲೆಕ್ಕ ಹಾಕಿ ಎತ್ತರ, ವೇಗ, ಮೂತಿಯ ಕೋನ ಮೂರೇ ಸಂಖ್ಯೆನ ಟರ್ಮಿನಲ್ಲಲ್ಲಿ ಪ್ರಿಂಟ್ ಮಾಡೋದು. ಕಪ್ಪು ಪರದೆ, ಬಿಳಿ ಅಂಕಿ. ಲಿಂಕ್ ಪೆಟ್ಟಿಗೆ ಮುಚ್ಚಳ ಮುಚ್ಚಿದ ಹಾಗೆ.

ಅದು ಸರಿ ಇದೆಯಾ ಅಂತ ಹೇಗೆ ಗೊತ್ತಾಗೋದು? ಗೈಡ್ ಮೊದಲು ಕೇಳೋದೇ ಇದು. ಉತ್ತರ ಇಟ್ಕೊಂಡಿದ್ದೀನಿ. ಸೆಸ್ನಾ 172 ವಿಮಾನದ ಎಂಜಿನ್ ಆಫ್ ಆದ್ರೆ ಅದು ಕಲ್ಲಿನ ಥರ ಬೀಳಲ್ಲ, ತೇಲ್ತಾ ಹೋಗುತ್ತೆ. ಸರಿಯಾದ ವೇಗ, ಅಂದ್ರೆ 65 ನಾಟ್ ಸುಮಾರಿಗೆ ಇಟ್ಕೊಂಡ್ರೆ 1,000 ಅಡಿ ಇಳಿಯೋಷ್ಟರಲ್ಲಿ ಸುಮಾರು 9,000 ಅಡಿ ಮುಂದೆ ಹೋಗುತ್ತೆ. ನಮ್ಮ ಪ್ರೋಗ್ರಾಮಲ್ಲಿ ಎಂಜಿನ್ ಸೊನ್ನೆ ಮಾಡಿ, 3,000 ಅಡಿಯಿಂದ ಬಿಟ್ಟು ನೋಡೋಣ. 27,000 ಅಡಿ ಆಸುಪಾಸು ಹೋಗಿ ಇಳಿದ್ರೆ ಲೆಕ್ಕ ಸರಿ. 60,000 ಅಡಿ ಹೋದ್ರೆ ನಾವು ಮಾಡಿದ್ದು ಗಾಳಿಪಟ. ಈ ಪರೀಕ್ಷೆಗೆ ಗ್ರಾಫಿಕ್ಸ್ ಕಾರ್ಡ್ ಬೇಕಾ ಹೇಳಿ.

ಮೂರನೇ ವಾರ 49 ಬಿಂದು, ಚೌಕದ ನೆಲ, 27 ಗುಣಾಕಾರದ ಉಪಾಯ. ನಾಲ್ಕನೇ ವಾರ ಆರು ಮೀಟರ್‌ಗಳು. ಸಮಯ ಉಳಿದ್ರೆ ಗೈರೋ ತಪ್ಪು ತೋರ್ಸೋದನ್ನ ಸೇರ್ಸೋಣ, ಎಕ್ಸ್‌ಟರ್ನಲ್ ಬಂದವರು "ಇದ್ಯಾಕೆ ದಿಕ್ಕು ತಪ್ತಿದೆ" ಅಂತ ಕೇಳಿದ್ರೆ ಹೇಳೋಕೆ ನಮಗೊಂದು ಒಳ್ಳೇ ಉತ್ತರ ಇರುತ್ತೆ.

ಲೈಬ್ರರಿ ಆ್ಯಪ್ ಕಡೆಗಿರೋ ಮೂವರೂ ಗುರುವಾರ ಊಟದ ಹೊತ್ತಲ್ಲಿ ಕ್ಯಾಂಟೀನ್ ಹಿಂದಿನ ಕಟ್ಟೆಗೆ ಬನ್ನಿ. ಎಮ್ಯುಲೇಟರ್ ಹಾಕಿ ಲ್ಯಾಪ್‌ಟಾಪ್ ತರ್ತೀನಿ. ಒಬ್ಬೊಬ್ಬರೂ ಮೀಗ್ಸ್‌ನಿಂದ ಎದ್ದು ಒಂದು ಸುತ್ತು ಹಾಕಿ ಮತ್ತೆ ಅಲ್ಲೇ ಇಳಿಸಿ ತೋರ್ಸಿ. ಆಮೇಲೂ ಲೈಬ್ರರಿ ಆ್ಯಪೇ ಬೇಕು ಅಂದ್ರೆ ಸಿನಾಪ್ಸಿಸ್ ನಾನೇ ಟೈಪ್ ಮಾಡಿಕೊಡ್ತೀನಿ. ಚಾರ್ಜರ್ ಮಾತ್ರ ಯಾರಾದ್ರೂ ತನ್ನಿ, ನನ್ನ ಬ್ಯಾಟರಿ ನಲವತ್ತು ನಿಮಿಷ ಅಷ್ಟೇ.

#ಹಳೇಗೇಮ್ #ಫ್ಲೈಟ್‌ಸಿಮ್ಯುಲೇಟರ್ #ಮಿನಿಪ್ರಾಜೆಕ್ಟ್ #ಕನ್ನಡದಲ್ಲೇಬರೀತೀನಿ